ಟಗರಿನ ಒಪ್ಪಿಗೆ

ನೀರು ಬೆನ್ನಿನಿಂದ ಜಾರಿ ಉಣ್ಣೆಯೊಳಗೆ ಇಂಗಿತು, ಟಗರು ಮಾತ್ರ ಮೈ ಕೊಡವಲಿಲ್ಲ, ಅಮ್ಮನ ಗುಡಿ ಮುಂದೆ ಕಟ್ಟಿದ ಬೇವಿನ ಸೊಪ್ಪಿನ ಕಡೆ ನೋಡುತ್ತ ಸುಮ್ಮನೆ ನಿಂತಿತು, ಇನ್ನೊಂದು ಚೊಂಬು ಹಾಕ್ರಿ ಅಂದ ಪೂಜಾರಿ ಮುದ್ದಪ್ಪ, ಬರಗೇರಮ್ಮ ಸೆರಗಿನ ತುದಿ ಬಿಗಿಹಿಡಿದಳು — ಕೊಡವಬೇಡ ಮಗನೇ, ಅಯ್ಯೋ ಬಿಡ್ತು ಅನ್ನು, ಎಂಥ ಮಾತು ಬಂತು ಬಾಯಲ್ಲಿ, ಹರಕೆ ಹೊತ್ತವಳು ನೀನೇ ಅಲ್ಲವೇ, ಹೋದ ವರ್ಷ ಹಿರಿಯೂರಿನ ಆಸ್ಪತ್ರೆಯಲ್ಲಿ ನಾಗಶ್ರೀ ಜ್ವರಕ್ಕೆ ಕಣ್ಣು ತೇಲಿಸಿದಾಗ, ಅಮ್ಮಾ ತಾಯಿ, ಮಗಳನ್ನ ಉಳಿಸು, ಮನೇಲಿ ಸಾಕಿದ ಟಗರನ್ನೇ ಕೊಡ್ತೀನಿ ಅಂತ ಸೆರಗೊಡ್ಡಿದ್ದು ಯಾರು, ಮಗಳು ಎದ್ದು ಬಂದಳು, ಈಗ ಅಗೋ ಅದೇ ಮಗಳು ಹೊಲದ ಬದುವಿನ ಮೇಲೆ ಮುಖ ಊದಿಸಿಕೊಂಡು ನಿಂತಿದ್ದಾಳೆ, ನನ್ನ ಜೀವಕ್ಕೆ ಅದರ ಜೀವ ಯಾಕಮ್ಮ, ಅದನ್ನ ಯಾರಾದ್ರೂ ಕೇಳಿದ್ರಾ, ಬೆಳಿಗ್ಗೆಯಿಂದ ಒಂದೇ ರಾಗ, ಕೇಳ್ತೀವಲ್ಲೇ, ನೀರು ಹಾಕೋದೇ ಕೇಳೋದು, ಮೈ ಕೊಡವಿದ್ರೆ ಹೂಂ ಅಂದಂಗೆ, ಮೂರು ಚೊಂಬಿಗೂ ಕೊಡವ್ಲಿಲ್ಲ ಅಂದ್ರೆ ಮುಟ್ಟಂಗಿಲ್ಲ, ನಮ್ಮ ಹಿರೇರು ಅಷ್ಟು ನ್ಯಾಯ ಇಟ್ಟವ್ರೆ ಅಂತ ಬಾಯಿ ಮುಚ್ಚಿಸಿದ್ದಳು, ಕುರಿ ಕಾಯುವ ಮನೆಯ ಹುಡುಗಿ ಹೀಗೆಲ್ಲ ಕೇಳಿದರೆ ಹೇಗೆ, ಆದರೂ ಆ ಮಾತು ಮನಸ್ಸು ಬಿಟ್ಟು ಹೋಗಿಲ್ಲ, ಎರಡನೇ ಚೊಂಬೂ ಬಿತ್ತು, ಬೆನ್ನು ಅಲುಗಲಿಲ್ಲ.

ಇನ್ನೊಂದೇ, ಇದಕ್ಕೂ ಒಲ್ಲೆ ಅಂದರೆ ಅಮ್ಮನ ಹೆಸರಲ್ಲಿ ಬಿಟ್ಟುಬಿಡುತ್ತಾರೆ, ಸಾಯುವವರೆಗೂ ಯಾರೂ ಕೈ ಹಚ್ಚುವ ಹಾಗಿಲ್ಲ, ಹರಕೆಯೂ ತೀರಿತು ಜೀವವೂ ಉಳಿಯಿತು, ನಿಲ್ಲು ಕಂದ, ಹಿಂಗೇ ನಿಲ್ಲು, ತಾಯಿ ಸತ್ತ ಮರಿ, ಬಾಟ್ಲಿ ಹಾಲಿಗೆ ಬದುಕಿದ್ದು, ಒಲೆಯ ಪಕ್ಕ ಮಲಗಿದ್ದು — ಮೂರನೆಯದು ತಲೆಯ ಮೇಲೇ ಸುರಿಯಿತು, ಟಗರು ಕಣ್ಣು ಮುಚ್ಚಿ ತೆರೆಯಿತು, ಅಷ್ಟೇ, ಮಚ್ಚು ಹಿಡಿದಿದ್ದ ತಮ್ಮ ಓಬಳೇಶನ ಕೈ ಕೆಳಗಿಳಿಯಿತು, ಒಲ್ಲದು ಕಣ್ರಪ್ಪ, ಬಿಡ್ರಿ ಅನ್ನುತ್ತ ಮುದ್ದಪ್ಪ ಹಗ್ಗಕ್ಕೆ ಕೈ ಹಾಕಿದ, ಗೆದ್ದೆಯಲ್ಲೋ ನನ್ನಪ್ಪ, ಬರಗೇರಮ್ಮ ಓಡಿ ಬಂದಳು, ಪಾಪ ಕಿವಿ ತುಂಬ ನೀರು, ಸೆರಗಿನ ತುದಿಯಿಂದ ಒರೆಸಿದಳು, ಮಳೆಯಲ್ಲಿ ನೆನೆದು ಬಂದಾಗಲೆಲ್ಲ ಒರೆಸುವ ಹಾಗೆ, ಒರೆಸಿದಾಗಲೆಲ್ಲ ಕೊಡವುವ ಹಾಗೆ ಟಗರು ಕೊಂಬಿನಿಂದ ಬಾಲದವರೆಗೆ ಮೈ ಕೊಡವಿತು, ಇನ್ನೊಂದು ಕಿವಿಯನ್ನೂ ಒಡ್ಡಿತು. ಕೊಡವ್ತು, ಅಮ್ಮ ಒಪ್ಪಿಸ್ಕಂಡ್ಲು ಅಂತ ಜನ ಎದ್ದರು, ಅಲ್ಲ, ನಾನು ಮುಟ್ಟಿದ್ದಕ್ಕೆ ಕಣ್ರೋ, ಕಿವಿ ಕಚಗುಳಿಗೆ, ಅದು ಹೂಂ ಅಂದಿಲ್ಲ, ಮುದ್ದಪ್ಪ ಅವಳ ಮುಖ ನೋಡಲಿಲ್ಲ, ಸಾಕಿದ ಕೈಯಿಂದ್ಲೇ ಅಮ್ಮ ಒಪ್ಪಿಸಿದ್ಲು, ಇನ್ನೇನು ಬೇಕಮ್ಮ ಅಂದ, ಯಾರೋ ತೋಳು ಹಿಡಿದು ಹಿಂದಕ್ಕೆ ಎಳೆದರು, ಅದನ್ನು ಕೇಳ್ತೀವಿ ಅಂದಿದ್ದೆ ಮಗಳಿಗೆ, ಅದು ಹೇಳಿತ್ತು, ಮೂರು ಸಲ ಹೇಳಿತ್ತು, ನನ್ನ ಕೈ ಸೇದಿ ಹೋಗಬಾರದಿತ್ತೇ, ಮಚ್ಚು ಮೇಲೆದ್ದಿದೆ, ಟಗರು ಮಚ್ಚಿನ ಕಡೆ ನೋಡುತ್ತಿಲ್ಲ, ನನ್ನ ಕಡೆಗೇ ಕತ್ತು ಚಾಚಿದೆ, ಇನ್ನೊಂದು ಕಿವಿ, ಒರೆಸಲಿ ಅಂತ ಒಡ್ಡಿದ ಕಿವಿ, ಒದ್ದೆ ಕಿವಿ, ಆ ಕಿವಿ