ಗೇರೆಣ್ಣೆ ಕುಡಿದ ದೋಣಿ

ನಾನು ಒಂದು ತಾರಿ ದೋಣಿ. ಅಘನಾಶಿನಿ ಹೊಳೆ ಕಡಲು ಸೇರುವ ಮುಂಚೆ ಅಗಲವಾಗಿ ಹರಡಿಕೊಳ್ಳುವ ಕಡೆ, ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುವುದು ನನ್ನ ಕೆಲಸವಾಗಿತ್ತು. ಉದ್ದ ಹದಿನಾರು ಮೊಳ. ಮೈಯೆಲ್ಲ ಹೆಬ್ಬಲಸಿನ ಮರ. ಒಮ್ಮೆಗೆ ಹದಿನೈದು ಜನ, ಅವರ ಬುಟ್ಟಿ, ಸೈಕಲ್ಲು, ಕೆಲವೊಮ್ಮೆ ಒಂದು ಆಡು.

ಯಾರನ್ನೂ ಬೇಗ ನಂಬುವ ಸ್ವಭಾವ ನನ್ನದಲ್ಲ. ಕಾಡಿನಲ್ಲಿ ಮರವಾಗಿ ನಿಂತಿದ್ದಾಗ ಒಂದು ದಿನ ಸೋಮಯ್ಯ ಆಚಾರಿ ಬಂದು ನನ್ನ ಕಾಂಡದ ಮೇಲೆ ಅಂಗೈ ಇಟ್ಟು, "ಎಂಥಾ ಚೆಂದದ ಮರ" ಅಂದ. ಅಷ್ಟು ಅಕ್ಕರೆಯಿಂದ ನನ್ನನ್ನು ಯಾರೂ ಮಾತಾಡಿಸಿರಲಿಲ್ಲ. ನಾಲ್ಕನೆಯ ದಿನ ಕೊಡಲಿ ಬಂತು. ಅಂದಿನಿಂದ ಹೊಗಳುವವರು ಹತ್ತಿರ ಬಂದರೆ ಅವರ ಕೈಯಲ್ಲಿ ಏನಿದೆ ಎಂದು ಮೊದಲು ನೋಡುತ್ತೇನೆ.

ಆಮೇಲೆ ಆಚಾರಿ ಮಾಡಿದ್ದೆಲ್ಲ ಹಿಂಸೆಯ ಹಾಗೆಯೇ ಕಂಡಿತು. ನನ್ನನ್ನು ಹಲಗೆಗಳಾಗಿ ಸೀಳಿ ಹೊಳೆಬದಿಯ ಉಪ್ಪುಕೆಸರಿನಲ್ಲಿ ಒಂದು ಮಳೆಗಾಲ ಪೂರ್ತಿ ಹೂತಿಟ್ಟ. ಮರೆತುಬಿಟ್ಟ ಅಂದುಕೊಂಡೆ. ಮರೆತಿರಲಿಲ್ಲ. ಮರದೊಳಗಿನ ಸಿಹಿರಸ ಕೆಸರಿಗೆ ಇಳಿದುಹೋಗಲಿ, ಇಲ್ಲದಿದ್ದರೆ ಹುಳ ಬರ್ತದೆ ಎಂಬುದು ಅವನ ಲೆಕ್ಕ. ಮಳೆ ನಿಂತ ಮೇಲೆ ಹೊರತೆಗೆದು, ಹಲಗೆ ಹಲಗೆಯ ನಡುವೆ ಕಡ್ಡಿ ಇಟ್ಟು, ನೆರಳಿನಲ್ಲಿ ಏಳು ತಿಂಗಳು ಒಣಗಿಸಿದ. ಬಿಸಿಲಿಗೆ ಒಂದು ಗಳಿಗೆಯೂ ಬಿಡಲಿಲ್ಲ. ಕೊನೆಗೆ ಸಣ್ಣ ಬೆಂಕಿಯ ಮೇಲೆ ಕಾಯಿಸಿ ಬಗ್ಗಿಸಿ, ತಾಮ್ರದ ಮೊಳೆ ಹೊಡೆದು, ಸಂದಿಗಳಿಗೆ ಹತ್ತಿ ಮತ್ತು ರಾಳ ತುಂಬಿ ದೋಣಿ ಮಾಡಿದ.

ನನ್ನನ್ನು ಕೊಂಡವನು ಹಮ್ಮಣ್ಣ ಅಂಬಿಗ. ಅವನನ್ನು ಕಂಡ ಮೊದಲ ದಿನವೇ ನನಗೆ ಒಂದು ಥರ ಸಮಾಧಾನವಾಯಿತು, ಯಾಕೆಂದರೆ ಅವನು ನನ್ನನ್ನು ಹೊಗಳಲಿಲ್ಲ. ಮೊಣಕಾಲೂರಿ ಕೂತು ಒಂದೊಂದೇ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಕೊಟ್ಟ. ಮೂಸಿದ. ಉಗುರಿನಿಂದ ಗೀರಿದ.

"ಎಲ್ಲ ಕೆಚ್ಚೇನಾ?" ಎಂದು ಕೇಳಿದ. ಕೆಚ್ಚು ಎಂದರೆ ಮರದ ನಡುವಿನ ಗಟ್ಟಿ ಭಾಗ. ಹೊರಗಿನ ಬೆಳ್ಳಗಿನ ಮರ, ಅಂದರೆ ಬೆಳ್ಳು, ಹುಳಕ್ಕೆ ಹಬ್ಬದೂಟ.

"ಬೆಳ್ಳು ಒಂದು ಬೆರಳಗಲವೂ ಇಲ್ಲ" ಅಂದ ಆಚಾರಿ. "ಬೇಕಾದರೆ ಕಡಿದು ನೋಡು."

ಹಮ್ಮಣ್ಣನ ಅನುಮಾನಕ್ಕೆ ಕಾರಣವಿತ್ತು. ಅವನ ಅಪ್ಪನೂ ಇದೇ ತಾರಿಯಲ್ಲಿ ದೋಣಿ ನಡೆಸುತ್ತಿದ್ದ. ಮೇಲೆ ನೋಡಿದರೆ ಹೊಸದರಂತಿದ್ದ ಆ ದೋಣಿಯ ಅಡಿಯನ್ನು ಉಪ್ಪುನೀರಿನ ಹುಳ ಒಳಗಿಂದಲೇ ಕೊರೆದು ಜೇನುಹುಟ್ಟಿನ ಹಾಗೆ ಮಾಡಿತ್ತು. ಒಂದು ಇಳಿತದ ಹೊತ್ತಿಗೆ ನಡುಹೊಳೆಯಲ್ಲಿ ಅದು ಬಾಯಿ ಬಿಟ್ಟಿತು. ಅಪ್ಪನ ಹೆಣ ಮೂರು ದಿನದ ಮೇಲೆ ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಸಿಕ್ಕಿತು. ಹಾಗಾಗಿ ಹಮ್ಮಣ್ಣ ಮರವನ್ನೂ ನಂಬುತ್ತಿರಲಿಲ್ಲ, ಮರ ಕೊಟ್ಟವರನ್ನೂ ನಂಬುತ್ತಿರಲಿಲ್ಲ.

ಪ್ರತಿ ವರ್ಷ ವೈಶಾಖದ ಬಿಸಿಲಿನಲ್ಲಿ ನನ್ನನ್ನು ದಡಕ್ಕೆ ಎಳೆದು ಮಗುಚಿ ಹಾಕುತ್ತಿದ್ದರು. ಎಂಟು ದಿನ ಒಣಗಿದ ಮೇಲೆ ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪಗಿನ, ಅಂಟಂಟು ಎಣ್ಣೆ ಅದು. ತಾರ್ಲೆ ಮೀನಿನ ಎಣ್ಣೆ ಬೆರೆಸಿ ತೆಳ್ಳಗೆ ಮಾಡಿ ಬಿಸಿಬಿಸಿಯಾಗಿ ಉಜ್ಜಿದರೆ ಮರದೊಳಗೆ ಇಳಿಯುತ್ತದೆ. ಹುಳ ಅದರ ರುಚಿ ನೋಡಿದರೆ ಮತ್ತೆ ಬಾಯಿ ಹಾಕುವುದಿಲ್ಲ. ಉರಿ ನನಗೂ ಆಗುತ್ತಿತ್ತು. ಆದರೆ ಉರಿ ಆರಿದ ಮೇಲೆ ಮೈ ಕಬ್ಬಿಣದ ಹಾಗೆ ಬಿಗಿಯುತ್ತಿತ್ತು.

ಎಣ್ಣೆ ಹಚ್ಚುವವಳು ಹಮ್ಮಣ್ಣನ ಹೆಂಡತಿ ಮಾದೇವಿ. ಆ ಎಣ್ಣೆ ಮನುಷ್ಯರ ಚರ್ಮವನ್ನೂ ಸುಡುತ್ತದೆ. ಕೈಗೆ ತೆಂಗಿನೆಣ್ಣೆ, ಬೂದಿ ಬಳಿದುಕೊಂಡು ಕೂತರೂ ಸಂಜೆಯ ಹೊತ್ತಿಗೆ ಅವಳ ಬೆರಳುಗಳಲ್ಲಿ ಬೊಬ್ಬೆ ಏಳುತ್ತಿದ್ದವು. ಹದಿನೈದು ದಿನ ಅನ್ನ ಕಲಸಲೂ ಆಗದೆ ಚಮಚದಲ್ಲಿ ಉಣ್ಣುತ್ತಿದ್ದಳು. ಆದರೂ ಬೇರೆಯವರ ಕೈಗೆ ಕೆಲಸ ಕೊಡುತ್ತಿರಲಿಲ್ಲ.

ಎಣ್ಣೆಯ ಡಬ್ಬಿ ತರುವವನು ಅವಳ ತಮ್ಮ ಜಟ್ಟಿ. ಲಾರಿಯ ಮೇಲೆ ಪೇಟೆಗೆ ಹೋಗಿಬರುವವನು. ನಗುಮುಖ, ಸಿಹಿಮಾತು. ಬಂದಾಗಲೆಲ್ಲ ನನ್ನ ಬೆನ್ನು ಸವರಿ, "ಬಾವಾ, ಈ ದೋಣಿ ನೂರು ವರ್ಷ ಬಾಳ್ತದೆ" ಅನ್ನುತ್ತಿದ್ದ. ಬಾವನೂ ಅವನ ಮುಂದೆ ಮೆತ್ತಗಾಗುತ್ತಿದ್ದ. ನನಗೆ ಮಾತ್ರ ಆ ಸವರುವ ಕೈ ಹಿಡಿಸಲಿಲ್ಲ. ಹಿಡಿಸದಿದ್ದರೇನು? ದೋಣಿಯ ಮಾತು ಕೇಳುವವರು ಯಾರು?

ಆರನೆಯ ವರ್ಷ ಹಚ್ಚಿದ ಎಣ್ಣೆ ಉರಿಯಲಿಲ್ಲ. ಬಣ್ಣ ಅದೇ ಕಪ್ಪು. ಮೀನೆಣ್ಣೆಯ ನಾತವೂ ಅದೇ. ಆದರೆ ಒಳಗೆ ಇಳಿಯದೆ ಮೇಲೆಯೇ ಜಾರುತ್ತಿತ್ತು. ಯಂತ್ರದ ಹೊಟ್ಟೆಯಿಂದ ಬಂದ ಸತ್ತ ಎಣ್ಣೆ ಅದು ಎಂದು ನನಗೆ ಗೊತ್ತಾಯಿತು. ಆ ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಅಡಿಯಲ್ಲಿ, ಹಿಂಬದಿಯ ಎಡ ಹಲಗೆಯಲ್ಲಿ, ಸೂಜಿಮೊನೆಯಷ್ಟು ಚುಚ್ಚಿದ ಹಾಗಾಯಿತು. ಆಮೇಲೆ ಹಗಲಿರುಳೂ ಒಂದು ಸಣ್ಣ ಕೊರೆತ. ಏಳನೆಯ ವರ್ಷ ವೈಶಾಖದಲ್ಲಿ ನನ್ನನ್ನು ಮಗುಚಿದಾಗ ಹಮ್ಮಣ್ಣನ ಬೆರಳು ಆ ಹಲಗೆಯ ಮೇಲೆ ನಿಂತುಬಿಟ್ಟಿತು. ತಟ್ಟಿದರೆ ಬರುತ್ತಿದ್ದುದು ಟೊಳ್ಳು ಸದ್ದು.

ಅವನು ಸೀದಾ ಸೋಮಯ್ಯ ಆಚಾರಿಯನ್ನು ಕರೆಸಿದ. ತಾರಿಯಲ್ಲಿ ಆಗ ಇಪ್ಪತ್ತು ಜನವಾದರೂ ಇದ್ದರು.

"ಬೆಳ್ಳು ಹಾಕಿ ಕೆಚ್ಚು ಅಂದೆ ನೀನು" ಎಂದ ಹಮ್ಮಣ್ಣ.

"ಹಮ್ಮಣ್ಣ, ಮಾತು ನೋಡಿ ಆಡು. ನಾನು ಹಾಕಿದ್ದು ಕೆಚ್ಚು. ಹಲಗೆ ಬಿಚ್ಚುತ್ತೇನೆ, ಕಣ್ಣಾರೆ ನೋಡು."

"ಬಿಚ್ಚಿ ಇನ್ನೊಂದು ಬೆಳ್ಳು ಹಾಕಲಿಕ್ಕಾ? ಬೇಡ. ನನ್ನಪ್ಪನ ದೋಣಿಗೂ ನಿನ್ನಂಥವನೇ ಯಾರೋ ಮರ ಕೊಟ್ಟಿದ್ದ."

ಆಚಾರಿಯ ಮುಖ ಕಪ್ಪಿಟ್ಟಿತು. ಹೆಗಲ ಮೇಲಿನ ಬಟ್ಟೆ ಕೊಡವಿ ಹೊರಟುಹೋದ. ಅಂದಿನಿಂದ ಅವನು ನನ್ನನ್ನು ಹತ್ತಲಿಲ್ಲ. ಆಚೆ ದಡದಲ್ಲಿ ಕೆಲಸವಿದ್ದರೆ ದೂರದ ಸೇತುವೆ ಸುತ್ತಿ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದ. ಊರಲ್ಲಿ ಅವನಿಗೆ ಹೊಸ ದೋಣಿಯ ಕೆಲಸ ಬರುವುದೂ ನಿಂತಿತು. ಒಬ್ಬನ ಅನುಮಾನ ಹತ್ತು ಜನಕ್ಕೆ ಅಂಟಲು ಒಂದು ವಾರ ಸಾಕು.

ಹಮ್ಮಣ್ಣ ಹಲಗೆಯ ಮೇಲೆ ತಾಮ್ರದ ತಗಡು ಹೊಡೆದ. ಜಟ್ಟಿ ತಂದ ಡಬ್ಬಿಯ ಎಣ್ಣೆಯನ್ನು ಮಾದೇವಿ ಮತ್ತೆ ಹಚ್ಚಿದಳು. ನನಗೆ ನೆನಪಿದೆ, ಆ ಸಂಜೆ ಅವಳು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಬೊಬ್ಬೆ ಇರಲಿಲ್ಲ. ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ ತಮ್ಮನ ಕಡೆ ಒಮ್ಮೆ ನೋಡಿದಳು. ಏನೂ ಹೇಳದೆ ಒಳಗೆ ಹೋದಳು.

ಅವಳಿಗೆ ಗೊತ್ತಾಗಿದೆ ಎಂದು ನನಗೆ ಅನ್ನಿಸಿತು. ಗೊತ್ತಿದ್ದೂ ಸುಮ್ಮನಿದ್ದಾಳೆ ಎಂದೂ ಅನ್ನಿಸಿತು. ಅಲ್ಲಿಯವರೆಗೆ ನಾನು ಪೂರ್ತಿ ನಂಬಿದ್ದ ಕೈ ಅದೊಂದೇ.

ಮುಂದಿನ ಮಾಘದ ಒಂದು ಮಧ್ಯಾಹ್ನ. ಹನ್ನೊಂದು ಜನ ಹತ್ತಿದ್ದರು. ಬೆಳಚು ಎಂಬ ಚಿಪ್ಪುಮೀನು ಆರಿಸಿ ಬಂದ ಇಬ್ಬರು ಹೆಂಗಸರು, ಪೇಟೆಯಿಂದ ಬರುತ್ತಿದ್ದ ಮಾದೇವಿ, ಕಣ್ಣು ಕಾಣದ ಒಬ್ಬ ಮುದುಕ, ಉಳಿದವರು ಸಂತೆಯವರು. ಇಳಿತ ಜೋರಾಗಿತ್ತು. ನೀರು ಅಳಿವೆಯ ಕಡೆಗೆ ಎಳೆಯುತ್ತಿತ್ತು. ನಡುಹೊಳೆಯಲ್ಲಿ ತಗಡು ಕಳಚಿತು. ಅದರ ಹಿಂದಿದ್ದ ಮರ ನೆನೆದ ರೊಟ್ಟಿಯ ಹಾಗೆ ಬಿಟ್ಟುಕೊಂಡಿತು. ನೀರು ಒಳಗೆ ಬುಗ್ಗೆಯಾಗಿ ಎದ್ದಿತು.

ಮಾದೇವಿ ಕೈಲಿದ್ದ ಬಟ್ಟೆಯ ಗಂಟನ್ನು ತೂತಿಗೆ ತುರುಕಿ ಅದರ ಮೇಲೆಯೇ ಕೂತಳು. "ಬುಟ್ಟಿ ಚೆಲ್ಲಿ" ಎಂದು ಹಮ್ಮಣ್ಣ ಹೇಳಿದ. ಬೆಳಗಿನಿಂದ ಕೆಸರಿನಲ್ಲಿ ಬಗ್ಗಿ ಆರಿಸಿದ ಬೆಳಚನ್ನು ಆ ಹೆಂಗಸರು ಹೊಳೆಗೆ ಸುರಿದರು. ಯಾರೋ ಊಟದ ಡಬ್ಬಿಯಲ್ಲಿ ನೀರು ಎತ್ತಿ ಹಾಕತೊಡಗಿದರು. ಮುದುಕ ಒಂದೇ ಮಾತು ಕೇಳಿದ: "ಯಾವ ಕಡೆ ಹೋಗ್ತಿದ್ದೇವೆ?" ಹಮ್ಮಣ್ಣ ದೋಣಿ ನೂಕುವ ಗಳದ ಮೇಲೆ ಇಡೀ ಮೈ ಭಾರ ಹಾಕಿ ನನ್ನ ಮೂತಿಯನ್ನು ಮರಳುದಿಬ್ಬದ ಕಡೆ ತಿರುಗಿಸಿದ. ನಾನೂ ಉಳಿದ ಹಲಗೆಗಳನ್ನೆಲ್ಲ ಬಿಗಿಹಿಡಿದೆ. ಅಂಚಿನವರೆಗೆ ನೀರು ಬಂದಾಗ ನನ್ನ ಅಡಿಗೆ ಮರಳು ತಾಗಿತು.

ಎಲ್ಲರೂ ಇಳಿದು ದಿಬ್ಬದ ಮೇಲೆ ಕೂತರು. ಹಮ್ಮಣ್ಣ ಗಳವನ್ನು ಮರಳಿಗೆ ಊರಿದ.

"ಆ ಆಚಾರಿಯನ್ನು ನಾನು ಬಿಡುವುದಿಲ್ಲ" ಅಂದ.

"ಆಚಾರಿಯದು ತಪ್ಪಲ್ಲ" ಎಂದಳು ಮಾದೇವಿ. ಒದ್ದೆ ಸೀರೆಯಲ್ಲಿ ಅವಳು ನಿಂತೇ ಇದ್ದಳು.

"ನಿನಗೆ ಹೇಗೆ ಗೊತ್ತು?"

ಅವಳು ಎರಡೂ ಅಂಗೈ ಚಾಚಿದಳು. "ಎರಡು ವರ್ಷದಿಂದ ನನ್ನ ಕೈ ಸುಟ್ಟಿಲ್ಲ."

ಹಮ್ಮಣ್ಣ ಆ ಕೈಗಳನ್ನು ಹಿಡಿದು ತಿರುಗಿಸಿ ನೋಡಿದ. ಕೇಳಿದ, "ಮೊದಲೇ ಎಂತಕ್ಕೆ ಹೇಳಲಿಲ್ಲ?"

"ಅವ್ವಿ ಸತ್ತಾಗ ಜಟ್ಟಿಗೆ ಎರಡು ವರ್ಷ. ನಾನೇ ಸಾಕಿದ್ದು. ಹೌದೋ ಅಲ್ಲವೋ ಅಂದುಕೊಳ್ಳುತ್ತಾ ಕೂತೆ." ಅವಳು ದಿಬ್ಬದ ಮೇಲಿದ್ದ ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ಕೂರಬಾರದಿತ್ತು."

ಜಟ್ಟಿಯನ್ನು ಕರೆದು ಕೇಳಿದರಂತೆ. ಒಳ್ಳೆಯ ಎಣ್ಣೆಯನ್ನು ದಾರಿಯಲ್ಲೇ ಮಾರಿ, ಹಳೆಯ ಇಂಜಿನ್ ಎಣ್ಣೆ ತುಂಬಿಸಿ ತರುತ್ತಿದ್ದೆ ಎಂದು ಒಪ್ಪಿಕೊಂಡನಂತೆ. ಅಕ್ಕನೇ ಅವನ ಚೀಲವನ್ನು ಅಂಗಳಕ್ಕೆ ಇಟ್ಟು ಬಾಗಿಲು ಹಾಕಿಕೊಂಡಳೆಂದು ತಾರಿಯಲ್ಲಿ ಕೂತ ಜನ ಮಾತಾಡಿಕೊಳ್ಳುವುದನ್ನು ಕೇಳಿದೆ.

ಮೂರನೆಯ ದಿನ ಹಮ್ಮಣ್ಣನ ಹಿಂದೆ ಸೋಮಯ್ಯ ಆಚಾರಿ ಬಂದ. ನನ್ನ ಪಕ್ಕ ಕೂತು, ಕೊರೆದುಹೋದ ಹಲಗೆಯ ಗಟ್ಟಿ ಉಳಿದ ಒಂದು ತುದಿಯನ್ನು ಉಳಿಯಿಂದ ಎಬ್ಬಿಸಿ, ಆ ಚೂರನ್ನು ಹಮ್ಮಣ್ಣನ ಕೈಗಿಟ್ಟ. ಒಳಗೆ ಅದು ಬೆಲ್ಲದ ಬಣ್ಣಕ್ಕಿತ್ತು.

"ಕೆಚ್ಚೋ, ಬೆಳ್ಳೋ?"

"ಕೆಚ್ಚು."

"ಎಣ್ಣೆ ಇಲ್ಲದಿದ್ದರೆ ಕೆಚ್ಚಾದರೂ ಎಷ್ಟು ವರ್ಷ ತಡೀತದೆ ಮಾರಾಯಾ? ಬೆಳ್ಳು ಅಂತ ನೀನು ಹೇಳಿದ್ದು ಇಪ್ಪತ್ತು ಜನರ ಎದುರು."

"ಎಲ್ಲರ ಎದುರೂ ಹೇಳ್ತೆ" ಅಂದ ಹಮ್ಮಣ್ಣ.

ಹೇಳಿದ ಕೂಡ. ನನಗೆ ಹೊಸ ಹಲಗೆ ಕೂರಿಸಿ ನೀರಿಗೆ ಇಳಿಸಿದ ಮೇಲೆ, ಒಂದು ತಿಂಗಳು, ಪ್ರತಿ ಸಲ ದೋಣಿ ಬಿಡುವ ಮೊದಲು ಆ ಮಿತಮಾತಿನ ಮನುಷ್ಯ ಗಳ ಹಿಡಿದು ನಿಂತು ಹೇಳುತ್ತಿದ್ದ: "ಆಚಾರಿ ಹಾಕಿದ್ದು ಕೆಚ್ಚು. ಬೆಳ್ಳು ಅಂದದ್ದು ನನ್ನ ತಪ್ಪು." ಕೆಲವರು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಹತ್ತಿದವರಲ್ಲಿ ಆಚಾರಿಯೂ ಇದ್ದ. ಹಮ್ಮಣ್ಣ ಅವನ ಎದುರಿಗೂ ಅದನ್ನೇ ಹೇಳಿದ. "ಸಾಕು, ಇಳಿತ ಶುರುವಾಗ್ತದೆ, ದೋಣಿ ಬಿಡು" ಎಂದು ಆಚಾರಿ ಮುಖ ತಿರುಗಿಸಿಕೊಂಡ.

ಆಮೇಲೆ ಎಣ್ಣೆಯನ್ನು ಹಮ್ಮಣ್ಣನೇ ಗೇರುಬೀಜದ ಕಾರ್ಖಾನೆಯ ಬಾಗಿಲಲ್ಲಿ ಕೂತು ತುಂಬಿಸಿಕೊಂಡು ತರುತ್ತಿದ್ದ. ಹಚ್ಚುವಾಗ ಅವನೂ ಮಾದೇವಿಯ ಪಕ್ಕ ಕೂರುತ್ತಿದ್ದ. ಹಾಗೆ ಹದಿನೇಳು ವರ್ಷ ದುಡಿದೆ. ಒಂದು ಹನಿಯೂ ಒಳಗೆ ಬರಲಿಲ್ಲ. ಕೊನೆಗೆ ತಾರಿಯ ಹತ್ತಿರವೇ ಹೊಸ ಸೇತುವೆ ಬಂತು. ಜನ ಒಂದೇ ವಾರದಲ್ಲಿ ನನ್ನನ್ನು ಮರೆತರು. ಅದರಲ್ಲಿ ನನಗೆ ಆಶ್ಚರ್ಯವಿಲ್ಲ.

ಈಗ ಹಮ್ಮಣ್ಣನ ಹಿತ್ತಲಿನಲ್ಲಿ ಬೋರಲು ಮಲಗಿದ್ದೇನೆ. ನನ್ನ ಕೆಳಗೆ ಒಂದು ಕೋಳಿ ಸಂಸಾರವಿದೆ. ನೂರಾರು ಸಲ ಯೋಚಿಸಿದ್ದೇನೆ. ಹಮ್ಮಣ್ಣ ಅಷ್ಟು ಅನುಮಾನದ ಮನುಷ್ಯ. ಆದರೂ ಅವನ ಅನುಮಾನ ಆಚಾರಿಯ ಮನೆಯವರೆಗೆ ಹೋಯಿತು, ತನ್ನದೇ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದವನ ಹತ್ತಿರ ಸುಳಿಯಲಿಲ್ಲ. ನಾನೂ ಕಡಿಮೆಯಲ್ಲ. ನನ್ನನ್ನು ಕೆಸರಲ್ಲಿ ಹೂತು, ಬೆಂಕಿಯಲ್ಲಿ ಕಾಯಿಸಿ, ಇಷ್ಟು ವರ್ಷ ಬಾಳುವ ಹಾಗೆ ಮಾಡಿದವನನ್ನೇ ವೈರಿ ಎಂದುಕೊಂಡಿದ್ದೆ.

ಹೋದ ತಿಂಗಳು ಜಟ್ಟಿ ಬಂದಿದ್ದ. ಕೂದಲು ನರೆತು ಕೋಲು ಹಿಡಿದಿದ್ದಾನೆ. ಹಿತ್ತಲ ಬೇಲಿಯ ಹೊರಗೆ ಬಹಳ ಹೊತ್ತು ನಿಂತ. ಬಾವಿಕಟ್ಟೆಯಲ್ಲಿದ್ದ ಮಾದೇವಿ ನೋಡಿದಳು. ಹಮ್ಮಣ್ಣನೂ ನೋಡಿದ. ಯಾರೂ ಕರೆಯಲಿಲ್ಲ, ಯಾರೂ ಹೋಗು ಅನ್ನಲೂ ಇಲ್ಲ. ಕಡೆಗೆ ಹಮ್ಮಣ್ಣ, "ಬಿಸಿಲಿದೆ. ಉಂಡು ಹೋಗಲಿ" ಎಂದು ಹೆಂಡತಿಗೆ ಹೇಳಿ ತಾನೇ ಹೋಗಿ ಬೇಲಿಯ ಗೇಟು ತೆಗೆದ.

ಜಟ್ಟಿ ಯಾಕೆ ಬಂದಿದ್ದನೋ ನನಗೆ ಗೊತ್ತಿಲ್ಲ. ಪಶ್ಚಾತ್ತಾಪವೋ, ಇನ್ನೇನಾದರೂ ಬೇಕಿತ್ತೋ. ನಾನಂತೂ ಅವನನ್ನು ನಂಬಿಲ್ಲ. ಆದರೆ ಒಳಗಿಂದ ಮೂರು ಜನ ಉಣ್ಣುವ ಸದ್ದು ಕೇಳುತ್ತಿತ್ತು, ಮಾದೇವಿ "ಇನ್ನೊಂದು ಸೌಟು ಹಾಕ್ಲಾ" ಎಂದು ತಮ್ಮನನ್ನು ಕೇಳುತ್ತಿದ್ದಳು.