ಮೂವತ್ತೆಂಟನೆಯ ನಿಮಿಷ

ಅಪರಾಧಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದ ಆ ಮನುಷ್ಯನಿಗೆ ನನ್ನ ಮಾವ ‘ಪತ್ತೇದಾರ’ ಎಂದು ಹೆಸರಿಟ್ಟಿದ್ದರು. ಮಾವನದು ಕಾಲೇಜಿನ ಎದುರಿಗೆ ಟೈಪಿಂಗ್ ಮತ್ತು ಬೈಂಡಿಂಗ್ ಅಂಗಡಿ. ಎಂಟನೇ ತರಗತಿಗೇ ಶಾಲೆ ಬಿಟ್ಟ ನಾನು ಅಲ್ಲಿ ಟೈಪ್ ಮಾಡುತ್ತೇನೆ. ಗಿರಾಕಿಗಳ ಜೊತೆ ಮಾತು ಮಾವನ ಪಾಲು. ಹೊಸಬರ ಮುಂದೆ ನನಗೆ ಬಾಯೇ ಬರುವುದಿಲ್ಲ.

ಪತ್ತೇದಾರ ಜೈಲಿಗೆ ಹೋಗಿ ಇಪ್ಪತ್ತು ಕೈದಿಗಳ ಮಾತನ್ನು ರೆಕಾರ್ಡ್ ಮಾಡಿಕೊಂಡು ಬಂದಿದ್ದ. ಪ್ರಬಂಧದ ವಿಷಯ: ಕೈದಿಗಳ ಬದುಕಿನಲ್ಲಿ ಕುಟುಂಬದ ಪಾತ್ರ. ಕೈದಿಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಕೇಳಿಸಿದ್ದನ್ನೆಲ್ಲ ನಾನು ಟೈಪ್ ಮಾಡಬೇಕು. ಕೆಮ್ಮಿದರೆ ‘ಕೆಮ್ಮು’ ಎಂದು, ಸುಮ್ಮನಿದ್ದರೆ ಎಷ್ಟು ಸೆಕೆಂಡು ಎಂದು. ಅದು ಅವನ ಪ್ರೊಫೆಸರರ ನಿಯಮ.

ಹೀಗೆ ಹದಿಮೂರು ಜನರನ್ನು ಕೇಳುವಷ್ಟರಲ್ಲಿ ನನಗೆ ಕೈದಿಗಳಿಗಿಂತ ಪತ್ತೇದಾರನೇ ಚೆನ್ನಾಗಿ ಅರ್ಥವಾಗಿದ್ದ. “ನಿಮ್ಮ ತಂದೆ ನಿಮ್ಮನ್ನ ತಿರಸ್ಕರಿಸಿದ್ರು, ಅಲ್ವಾ?” ಎಂದು ಕೇಳುತ್ತಾನೆ. ಎದುರಿನವನು “ಹೂಂ” ಅನ್ನುತ್ತಾನೆ. ಅದರ ಮೇಲೆ ಪತ್ತೇದಾರ ಎರಡು ಪುಟ ಕಟ್ಟುತ್ತಾನೆ. ಅಂಥ ಒಂದು ‘ಹೂಂ’ ಅನ್ನು ನಾನು ಮೂರು ಸಲ ಕೇಳಿದೆ. ಅದು ಯಾರೋ ಗಂಟಲು ಸರಿಮಾಡಿಕೊಂಡ ಸದ್ದು.

ಹದಿನಾಲ್ಕನೆಯವನ ರೆಕಾರ್ಡಿಂಗ್‌ನಲ್ಲಿ ಮೂವತ್ತೆಂಟನೆಯ ನಿಮಿಷಕ್ಕೆ ಪ್ರಶ್ನೆಗಳು ಮುಗಿದವು. ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಕೈದಿಯ ದನಿ:

“ಸರ್, ಒಂದೇ ಒಂದು ಉಪಕಾರ. ಅವಧಿಗೆ ಮುಂಚೆ ನನ್ನನ್ನ ಬಿಡೋಕೆ ಮನೆಯವರೊಬ್ರು ಬಂದು ಸೈನ್ ಹಾಕ್ಬೇಕು. ಇಪ್ಪತ್ತೆಂಟನೇ ತಾರೀಕು ಕಡೇ ದಿನ. ತಪ್ಪಿದ್ರೆ ಇನ್ನೊಂದು ವರ್ಷ ಇಲ್ಲೇ. ಅಕ್ಕಂಗೆ ಕಾಗದ ಬರ್ದೆ, ಮನೆ ಬದಲಾಯ್ಸಿದಾಳೆ ಅಂತ ವಾಪಸ್ ಬಂತು. ಬಸ್ ಸ್ಟ್ಯಾಂಡ್ ಹಿಂದಿನ ಲಾಂಡ್ರೀಲಿ ಇಸ್ತ್ರಿ ಮಾಡ್ತಾಳೆ. ಪುಟ್ಟ ಹೇಳಿದ ಅಂದ್ರೆ ಸಾಕು.” (ಕೆಮ್ಮು.)

“ಖಂಡಿತ ಹೇಳ್ತೀನಿ,” ಎಂದಿದ್ದ ಪತ್ತೇದಾರ.

ನಾನು ಇದನ್ನು ಟೈಪ್ ಮಾಡಿದ ದಿನ ಇಪ್ಪತ್ತಾರು. ಮಧ್ಯಾಹ್ನ ಅವನು ಬಂದಾಗ ಮಾವ ಊಟಕ್ಕೆ ಹೋಗಿದ್ದರು. ನಾನು ಕೀಬೋರ್ಡಿನಿಂದ ತಲೆ ಎತ್ತಲಿಲ್ಲ. ಆದರೂ ಕೇಳಿದೆ.

“ಸರ್, ಅಕ್ಕಂಗೆ ಹೇಳಿದ್ರಾ?”

“ಯಾವ ಅಕ್ಕ?”

“ಹದಿನಾಲ್ಕನೇವ್ರ ಅಕ್ಕ.”

“ಓ, ಅದಾ! ಅದು ಪ್ರಶ್ನಾವಳೀಲಿ ಇಲ್ಲ ಕಣಮ್ಮ, ತೆಗೆದ್ಬಿಡು. ಕೈದಿಗಳ ಮನೆಯವರನ್ನ ನಾವು ಭೇಟಿ ಮಾಡೋ ಹಾಗಿಲ್ಲ. ನೀತಿ ಸಮಿತಿ ಅಂತ ಒಂದಿದೆ. ನಿಂಗೆ ಅದೆಲ್ಲ ಅರ್ಥ ಆಗಲ್ಲ.”

“ಹೇಳ್ತೀನಿ ಅಂದಿದ್ರಲ್ಲ ಸರ್. ಮೂವತ್ತೆಂಟನೇ ನಿಮಿಷ.”

ಅವನು ನಕ್ಕ. “ಅದು ವಿಶ್ವಾಸ ಗಳಿಸೋ ತಂತ್ರ. ಪುಸ್ತಕದಲ್ಲೇ ಇದೆ.”

ನೀತಿಯನ್ನು ಸಮಿತಿಗೆ ಒಪ್ಪಿಸಿ ನಿರಾಳವಾಗಿದ್ದ ಆ ಮುಖವನ್ನು ನೋಡಿದೆ. ಮೀಸೆಯನ್ನು ಎಷ್ಟು ನೀಟಾಗಿ ಕತ್ತರಿಸಿಕೊಂಡಿದ್ದ! ಅವನು ಹೋದ ಮೇಲೆ ಪುಟ್ಟನ ಆ ಮಾತಿದ್ದ ಪುಟವನ್ನು ಪ್ರಿಂಟ್ ತೆಗೆದು ಮಡಿಚಿಟ್ಟುಕೊಂಡೆ.

“ಮಾವ, ಒಂದು ಗಂಟೆ ಹೊರಗೆ ಹೋಗ್ಬರ್ತೀನಿ,” ಎಂದೆ, ಅವರು ಊಟ ಮುಗಿಸಿ ಬಂದ ಕೂಡಲೇ.

“ನೀನಾ? ಒಬ್ಬಳೇ?” ಮಾವ ಕನ್ನಡಕ ತೆಗೆದು ನೋಡಿದರು. “ಹೋಗು ತಾಯಿ, ಹೋಗು. ಆಕಾಶ ಬಿದ್ರೆ ನಾನು ಹಿಡ್ಕೋತೀನಿ.”

ಲಾಂಡ್ರಿಯಲ್ಲಿ ಬಿಸಿ ಆವಿ. ಮೇಜಿನ ಹಿಂದೆ ಗಟ್ಟಿ ತೋಳಿನ ಹೆಂಗಸೊಬ್ಬಳು ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದಳು.

“ಬಟ್ಟೆ ಕೊಡಕ್ಕಾ, ತಗೊಳಕ್ಕಾ?”

ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತೆಲ್ಲ ಮರೆತೇಹೋಯಿತು. “ಪುಟ್ಟ...” ಎಂದಷ್ಟೇ ಹೇಳಿ ಹಾಳೆ ಮುಂದೆ ಹಿಡಿದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ತುಟಿ ಆಡಿಸುತ್ತಾ ಓದಿದಳು. ಕೊನೆಯಲ್ಲಿ ಬೆರಳು ನಿಂತಿತು.

“ಇನ್ನೂ ಕೆಮ್ತಾನಾ?”

“ಹೂಂ.”

“ನಾನು ಬೇಡ ಅಂತ ಕಾಗದ ಬರೆಯೋದೇ ಬಿಟ್ಬಿಟ್ಟ ಅಂದ್ಕೊಂಡಿದ್ದೆ, ಮುಠ್ಠಾಳ.” ಅವಳು ಕಣ್ಣೊರೆಸಿಕೊಳ್ಳಲಿಲ್ಲ. ಒಳಗೆ ತಿರುಗಿ ಕೂಗಿದಳು: “ಯಜಮಾನ್ರೇ, ನಾಳೆ ನಾನು ಬರಲ್ಲ! ಬೈಯ್ಯೋದಿದ್ರೆ ಈಗ್ಲೇ ಬೈದ್ಬಿಡಿ!”

ಇಪ್ಪತ್ತೊಂಬತ್ತಕ್ಕೆ ಪತ್ತೇದಾರ ಮುಖ ಗಂಟು ಹಾಕಿಕೊಂಡು ಬಂದ.

“ಹದಿನಾಲ್ಕನೇವ್ನನ್ನ ಬಿಡ್ತಾರಂತೆ. ಯಾರೋ ಅಕ್ಕ ಬಂದು ಸೈನ್ ಹಾಕಿದ್ಲಂತೆ. ಎಲ್ಲಿಂದ ಉದುರಿದ್ಲೋ! ‘ಕುಟುಂಬ ಕೈಬಿಟ್ಟವರು’ ಅನ್ನೋ ಪಟ್ಟೀಲಿ ಅವನನ್ನ ಹಾಕಿದೀನಿ. ನಾಳೆ ಪ್ರಬಂಧ ಕೊಡ್ಬೇಕು.”

ಅಪರಾಧ ಪತ್ತೆಯ ಮೇಲೇ ಒಂದಿಡೀ ವರ್ಷ ಓದಿದವನು, ಮೂರಡಿ ದೂರದಲ್ಲಿ ಕೂತ ನನ್ನನ್ನು ಒಂದು ಸಲವೂ ನೋಡಲಿಲ್ಲ.

“ಪಟ್ಟಿ ತಿದ್ದಬೇಕಾ ಸರ್?” ಎಂದೆ.

ಅವನು ಯೋಚಿಸಿದ. “ಬೇಡ. ನಾನು ಮಾತಾಡಿಸಿದ ದಿನ ಅವನಿಗೆ ಯಾರೂ ಇರ್ಲಿಲ್ಲ ತಾನೆ? ಹಾಗೇ ಬೈಂಡ್ ಮಾಡು. ಬಂಗಾರದ ಅಕ್ಷರ ಸೊಟ್ಟಗಾಗ್ಬಾರ್ದು.”

ಸೊಟ್ಟಗಾಗದಂತೆ ಅಚ್ಚು ಒತ್ತಿದೆ. ರಟ್ಟಿನ ಮೇಲೆ ಅವನ ಹೆಸರು ಪಳಪಳ ಹೊಳೆಯಿತು.