ಚಕ್ರದಡಿಯ ನಿಂಬೆಹಣ್ಣು

ಪಚಕ್ ಎಂದಿತು. ಒದ್ದೆಯಾದದ್ದೇನೋ ಭಾರಕ್ಕೆ ಸಿಕ್ಕಿ ಒಡೆದ ಹಾಗೆ. ಹಿಂದೆಯೇ ಇನ್ನೊಂದು.

ನಾನು ಕಣ್ಣು ಬಿಟ್ಟೆ. ಜೀಪು ತಯಾರಾಗಿ ಶೆಡ್ಡಿನಿಂದ ಅಂಗಳಕ್ಕೆ ಬಂದ ದಿನದಿಂದ ನಾನು ಒಂದು ಕಿವಿಯನ್ನು ಹೊರಗೇ ಬಿಟ್ಟು ಮಲಗುತ್ತಿದ್ದೆ.

"ರೀ, ಏಳಿ. ಅಂಗಳದಲ್ಲಿ ಏನೋ ಸದ್ದಾಯ್ತು."

"ನಿಂಗೆ ದಿನಾ ಒಬ್ಬ ಕಳ್ಳ ಬರ್ತಾನೆ ಕಣೆ," ಎಂದರು ನನ್ನ ಗಂಡ ಷಡಕ್ಷರಿ, ಕಣ್ಣು ಮುಚ್ಚಿಕೊಂಡೇ. "ಮೊನ್ನೆ ಬಂದಿದ್ದ ಕಳ್ಳಂಗೆ ಬಾಲ ಇತ್ತು."

ಆದರೂ ಎದ್ದು ಹೋಗಿ ಕಿಟಕಿಯ ಪರದೆ ಸರಿಸಿದರು. ಮಗಳು ರಕ್ಷಿತಾ ನನ್ನ ತೋಳಿನ ಮೇಲೆ ಮಲಗಿದ್ದಳು; ಅವಳನ್ನು ಎಬ್ಬಿಸದೆ ನಾನು ಏಳುವಂತಿರಲಿಲ್ಲ. ನನಗೆ ಕಾಣುತ್ತಿದ್ದದ್ದು ಅವರ ಬೆನ್ನು ಮಾತ್ರ. ಅವರು ಬಹಳ ಹೊತ್ತು ನಿಂತಿದ್ದರು.

"ಏನ್ರೀ?"

"ಬೆಕ್ಕು. ಮಲಕ್ಕೊ."

ಬಂದು ಗೋಡೆಯ ಕಡೆ ತಿರುಗಿ ಮಲಗಿದರು. ಸ್ವಲ್ಪ ಹೊತ್ತಿನ ಮೇಲೆ ದೂರದಲ್ಲಿ, ರೈಲ್ವೆ ಹಳಿಯ ಕಡೆ, ಒಂದು ಇಂಜಿನ್ನು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ನಮ್ಮದರ ಹಾಗೆಯೇ ಇತ್ತು. ಆದರೆ ಅದು ದಸರೆಯ ರಾತ್ರಿ, ಊರ ತುಂಬ ಹೊರಗಿನ ಗಾಡಿಗಳು. ಅಲ್ಲದೆ ಅವರು ಬೆಕ್ಕು ಎಂದಿದ್ದರು. ಅವರು ಗೊರಕೆ ಹೊಡೆಯುತ್ತಿಲ್ಲ ಎಂಬುದನ್ನು ಮಾತ್ರ ಬೆಳಗಿನವರೆಗೂ ಕೇಳುತ್ತ ಮಲಗಿದ್ದೆ.

ಅದು ನನ್ನ ಮಾವ ನಂಜುಂಡಯ್ಯನವರ ವಿಲ್ಲೀಸ್ ಜೀಪು. ಕಾಡಿನಂಚಿನ ಊರುಗಳಿಂದ ಹುಣಸೆಹಣ್ಣು, ಜೇನು, ಸೀಗೆಕಾಯಿ ತುಂಬಿಕೊಂಡು ಸಂತೇಪೇಟೆಯ ಮಂಡಿಗೆ ತರುತ್ತಿದ್ದ ಗಾಡಿ. ಮಾವ ತೀರಿಕೊಂಡ ಮೇಲೆ ಚಾಮರಾಜಪುರಂನ ಈ ಮನೆಯ ಹಿಂದಿನ ಶೆಡ್ಡಿನಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಹೂಟಗಳ್ಳಿಯಲ್ಲಿ ಇವರು ಕೆಲಸಕ್ಕಿದ್ದ ಕಾರ್ಖಾನೆ ಬಾಗಿಲು ಹಾಕಿದಾಗ ಇವರು ಮಾತು ಬಿಟ್ಟರು. ಸಿಟ್ಟಿಲ್ಲ, ಅಳುವಿಲ್ಲ; ತಟ್ಟೆ ಮುಂದಿಟ್ಟರೆ ತಿನ್ನುವರು, ಇಡದಿದ್ದರೆ ಕೇಳುವವರಲ್ಲ. ಹಾಗಿದ್ದವರು ಒಂದು ದಿನ ಕೋಳಿಗಳನ್ನು ಓಡಿಸಿ, ಜೀಪಿನ ಬಾನೆಟ್ಟು ಎತ್ತಿ, "ಪ್ರೇಮಾ, ಸ್ವಲ್ಪ ಟಾರ್ಚ್ ಹಿಡೀತೀಯಾ?" ಎಂದರು. ಆ ಟಾರ್ಚನ್ನು ನಾನು ವರ್ಷಗಟ್ಟಲೆ ಹಿಡಿದೆ. ಅವರು ತುಕ್ಕು ಕೆರೆದರು, ತೂತು ಬಿದ್ದ ತಳಕ್ಕೆ ತಗಡು ಕೂರಿಸಿದರು, ಗುಜರಿ ಅಂಗಡಿಗಳನ್ನು ಸುತ್ತಿ ಫೋರ್ ವ್ಹೀಲ್ ಗೇರಿನ ಭಾಗಗಳನ್ನು ಹುಡುಕಿ ತಂದರು. ಪ್ರತಿ ನಟ್ಟಿನ ಜೊತೆಗೂ ಒಂದೊಂದು ಮಾತು ವಾಪಸು ಬಂತು. ಆದ್ದರಿಂದ ನಾನು ಕಾಯುತ್ತಿದ್ದದ್ದು ಜೀಪನ್ನಷ್ಟೇ ಅಲ್ಲ.

ಹಳೆಯ ಜೀಪುಗಳು ರಾತ್ರೋರಾತ್ರಿ ಕಾಣೆಯಾಗುತ್ತಿದ್ದ ಕಾಲ ಅದು. ಇವರು ಸ್ಟೀರಿಂಗಿಗೂ ಕ್ಲಚ್ಚಿಗೂ ಸೇರಿಸಿ ಸರಪಳಿ ಬಿಗಿದು ಬೀಗ ಹಾಕಿದರು. ಸೀಟಿನ ಅಡಿಯಲ್ಲಿ ಇಂಜಿನ್ನಿನ ಕರೆಂಟು ಕತ್ತರಿಸುವ ಒಂದು ಕಳ್ಳ ಸ್ವಿಚ್ಚು ಕೂರಿಸಿದರು. ನಾನು ಗೇಟಿಗೆ ಹಸುವಿನ ಕೊರಳ ಗಂಟೆ ಕಟ್ಟಿದೆ. ಸ್ವಿಚ್ಚು ಇರುವ ಜಾಗ ಗೊತ್ತಿದ್ದದ್ದು ಇವರಿಗೆ, ಟಾರ್ಚ್ ಹಿಡಿದಿದ್ದ ನನಗೆ, ಮತ್ತು ಮನೆಯ ಮುಂಭಾಗದಲ್ಲಿದ್ದ ಭಾವ ವೃಷಭೇಂದ್ರಪ್ಪನವರಿಗೆ.

"ಅವರಿಗ್ಯಾಕೆ ಹೇಳಿದ್ರಿ?" ಎಂದಿದ್ದೆ.

"ಅಣ್ಣಂಗೆ ಹೇಳದೆ ಇರಕ್ಕಾಗುತ್ತಾ?"

ಮಾವ ಹೋದಾಗ ಇವರಿನ್ನೂ ಹೈಸ್ಕೂಲು. ಫೀಸು ಕಟ್ಟಿದ್ದು, ಸೈಕಲ್ಲು ಕಲಿಸಿದ್ದು, ನನ್ನನ್ನು ನೋಡಲು ಬಂದಾಗ ಮುಂದೆ ಕೂತು ಮಾತಾಡಿದ್ದು ಎಲ್ಲ ಭಾವನೇ. ಎಸ್ಟೇಟಿನವರೊಬ್ಬರು ಜೀಪನ್ನು ಕೊಳ್ಳಲು ಕೇಳಿಕೊಂಡು ಬಂದಾಗ ಇವರು ಒಲ್ಲೆ ಎಂದಿದ್ದರು. ಭಾವ ಅಂದು ನಕ್ಕಿದ್ದರು. "ಕೊಟ್ಬುಡೋ. ಕೋಳಿ ಹೋದ್ವು ಅಂತ ನೀನು ಹೋಗಿ ಕಾವು ಕೂತಿದ್ದೀಯಲ್ಲ!" ಆಮೇಲೆ ನಗು ನಿಲ್ಲಿಸಿ, "ಅಪ್ಪನ ಗಾಡಿ ಕಣೋ ಅದು. ನಿಂದೊಬ್ಬಂದೇ ಅಲ್ಲ," ಎಂದಿದ್ದರು. ಇವರಿಗೆ ಆ ನಗು ನೆನಪಿತ್ತು. ನನಗೆ ನಗು ನಿಂತದ್ದು.

ಎರಡು ಸಾವಿರದ ಒಂದರ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ನವಮಿಯ ದಿನ ಪೂಜೆಗಿಟ್ಟದ್ದನ್ನು ದಶಮಿಯ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವುದಿಲ್ಲ. ಬೆಳಿಗ್ಗೆ ಮಂಗಳಾರತಿಯಾದ ಮೇಲೆ ಚಕ್ರಗಳ ಅಡಿಗೆ ನಿಂಬೆಹಣ್ಣಿಟ್ಟು, ಅದರ ಮೇಲೆ ಗಾಡಿ ಹತ್ತಿಸಿ, ಅನಂತರವೇ ಹೊರಗೆ ತೆಗೆಯಬೇಕು. ಇವರು ಸ್ಪ್ಯಾನರು, ಸುತ್ತಿಗೆ, ಗಾಡಿಯ ಕೀ ಎಲ್ಲವನ್ನೂ ತೊಳೆದು ದೇವರ ಮುಂದಿನ ಮಣೆಯ ಮೇಲೆ ಜೋಡಿಸಿದರು. ಸರಪಳಿಗೂ ಬೀಗಕ್ಕೂ ವಿಭೂತಿ, ಕುಂಕುಮ. ಗೇಟಿನಿಂದ ಬಿಚ್ಚಿ ತಂದ ನನ್ನ ಗಂಟೆಗೂ. ನಾಳೆಗೆಂದು ನಾಲ್ಕು ನಿಂಬೆಹಣ್ಣು ತಟ್ಟೆಯಲ್ಲಿದ್ದವು.

ಸಂಜೆ ಅತ್ತೆಯ ಹತ್ತಿರ ಹೋದೆ. "ಅತ್ತೆ, ಸರಪಳಿ ಒಂದನ್ನ ತಗೊಂಡು ಗಾಡಿಗೆ ಹಾಕ್ಬುಡ್ಲಾ? ಬೆಳಗ್ಗೆ ಮತ್ತೆ ಇಟ್ಬುಡ್ತೀನಿ."

"ಪೂಜೆಗಿಟ್ಟಿದ್ದನ್ನ ಮುಟ್ತಾರೇನಮ್ಮಾ?" ಎಂದರು ಅತ್ತೆ ಸರ್ವಮಂಗಳಮ್ಮ. "ಒಂದು ರಾತ್ರಿ ದೇವ್ರೇ ಕಾಯ್ಲಿ ಬುಡು."

ಭಾವ ಪಕ್ಕದಲ್ಲೇ ಕೂತು ಕಡ್ಲೆಪುರಿ ತಿನ್ನುತ್ತಿದ್ದರು. "ದೇವ್ರಿಗೂ ಒಂದಿನ ಕೆಲ್ಸ ಕೊಡಮ್ಮ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಬೆಳಿಗ್ಗೆ ಮೊದಲು ಕೇಳಿದ್ದು ಭಾವನ ಕೂಗೇ. "ಅಯ್ಯೋ, ಗಾಡಿ ಇಲ್ವಲ್ಲೋ ಷಡಕ್ಷರಿ! ಗಾಡಿ ಹೊಡ್ಕೊಂಡು ಹೋಗವ್ರಲ್ಲೋ!"

ನಾನು ಓಡಿ ಹೋದೆ. ಅಂಗಳದಲ್ಲಿ ಬಾಳೆಕಂದು ಅಡ್ಡ ಬಿದ್ದಿತ್ತು. ಗೇಟು ತೆರೆದಿತ್ತು. ಜೀಪಿದ್ದ ಜಾಗದಲ್ಲಿ, ಒಂದೊಂದು ಚಕ್ರವಿದ್ದಲ್ಲಿ ಒಂದೊಂದರಂತೆ, ನಾಲ್ಕು ನಿಂಬೆಹಣ್ಣುಗಳು ಅಪ್ಪಚ್ಚಿಯಾಗಿ ಕಲ್ಲಿಗೆ ಅಂಟಿಕೊಂಡಿದ್ದವು.

ರಾತ್ರಿಯ ಸದ್ದು ಏನೆಂದು ಆಗ ತಿಳಿಯಿತು. ದೇವರ ಮನೆಗೆ ಹೋಗಿ ನೋಡಿದೆ. ಸರಪಳಿ ಅಲುಗಿರಲಿಲ್ಲ. ಗಾಡಿಯ ಕೀ ಇರಲಿಲ್ಲ. ನಿಂಬೆಹಣ್ಣಿನ ತಟ್ಟೆ ಖಾಲಿ. ಕದಿಯಲು ಬಂದ ಯಾವ ಕಳ್ಳ ದೇವರ ಮನೆಗೆ ನುಗ್ಗಿ ನಿಂಬೆಹಣ್ಣು ಹುಡುಕುತ್ತಾನೆ? ಪೂಜೆಯಾದ ಗಾಡಿಯನ್ನು ಹಾಗೆಯೇ ಹೊರಡಿಸಲು ಯಾರ ಕೈ ನಡುಗುತ್ತದೆ?

ಮತ್ತೆ ಹೊರಗೆ ಬಂದಾಗ ಇವರು ಮೊಣಕಾಲೂರಿ ಆ ನಿಂಬೆಹಣ್ಣುಗಳನ್ನು ಕಲ್ಲಿನಿಂದ ಕೆರೆದು ತೆಗೆಯುತ್ತಿದ್ದರು. ತುಕ್ಕು ಕೆರೆದ ಅದೇ ಉಗುರುಗಳಲ್ಲಿ. ಕೆರೆದದ್ದನ್ನೆಲ್ಲ ಪಂಚೆಯ ಮಡಿಲಿಗೆ ಹಾಕಿಕೊಂಡು ಬಾವಿಕಟ್ಟೆಯ ಹಿಂದೆ ಹೋಗಿ ಬಂದರು. ಆ ಜಾಗಕ್ಕೆ ಒಂದು ಬಿಂದಿಗೆ ನೀರು ಹಾಕಿದರು.

"ನೀರ್ಯಾಕೋ ಹಾಕ್ತೀಯ?" ಎಂದರು ಅತ್ತೆ, ಅಳುತ್ತ.

"ಆಯಿಲ್ ಚೆಲ್ಲಿತ್ತಮ್ಮ. ಯಾರಾದ್ರೂ ಜಾರ್ತಾರೆ."

ಭಾವನೇ ಸ್ಟೇಷನ್ನಿಗೆ ಹೋಗಿ ಪೊಲೀಸಿನವರೊಬ್ಬರನ್ನು ಕರೆತಂದರು. ಜಂಬೂಸವಾರಿಯ ಬಂದೋಬಸ್ತಿನ ನಡುವೆಯೂ ಅವರು ಬಂದು ಎಲ್ಲವನ್ನೂ ಸಮಾಧಾನವಾಗಿ ಕೇಳಿದರು.

"ಕರೆಂಟ್ ಕಟ್ ಮಾಡೋ ಸ್ವಿಚ್ ಇತ್ತು ಅಂತೀರಿ. ಅದು ಯಾರ್ಯಾರಿಗೆ ಗೊತ್ತಿತ್ತು?"

ಭಾವ ಹೆಗಲ ಮೇಲಿನ ವಲ್ಲಿಯಿಂದ ಕುತ್ತಿಗೆ ಒರೆಸಿಕೊಂಡರು. ನಾನು ಇವರ ಮುಖ ನೋಡಿದೆ.

"ಎಲ್ಲಾರ್ಗೂ ಸಾರ್," ಎಂದರು ಇವರು. "ಬಂದೋರಿಗೆಲ್ಲ ತೋರಿಸ್ಕೊಂಡು ಮೆರೀತಿದ್ದೆ. ನನ್ನದೇ ತಪ್ಪು."

ಭಾವ ತಮ್ಮನ ಹೆಗಲ ಮೇಲೆ ಕೈಯಿಟ್ಟರು. "ಹೋಗ್ಲಿ ಬುಡೋ. ನಾನಿದ್ದೀನಿ."

ಮಧ್ಯಾಹ್ನ ಅತ್ತೆಯೂ ರಕ್ಷಿತಾಳೂ ಟೀವಿಯಲ್ಲಿ ಅಂಬಾರಿ ನೋಡುತ್ತ ಕೂತಾಗ ಶೆಡ್ಡಿಗೆ ಹೋದೆ. ಖಾಲಿ ನೆಲದ ಮೇಲೆ ಮಣೆ ಹಾಕಿಕೊಂಡು ಇವರು ಕೂತಿದ್ದರು. ಕಾರ್ಖಾನೆ ಮುಚ್ಚಿದ ದಿನಗಳ ಅದೇ ಭಂಗಿ. ನಾನು ಅವರೆದುರು ನೆಲದ ಮೇಲೆ ಕೂತೆ.

"ರಾತ್ರಿ ನೋಡಿದ್ರಿ, ಅಲ್ವಾ?"

ಇವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಇನ್ನಿಬ್ರು ಹಿಂದಿನಿಂದ ತಳ್ಳೋಕೆ ನಿಂತಿದ್ರು. ಮುಂದಿನ ಚಕ್ರದ ಹಣ್ಣು ಎರಡೂ ಆಗ್ಲೇ ಒಡೆದಿದ್ವು. ಅಣ್ಣ ಹಿಂದಿನ ಒಂದೊಂದು ಚಕ್ರದ ಮುಂದೆಯೂ ಬಗ್ಗಿ ಹಣ್ಣಿಟ್ಟು ಕೈ ಮುಗೀತಿದ್ದ, ಪ್ರೇಮಾ. ಅಪ್ಪ ಮಾಡ್ತಿದ್ದ ಹಂಗೇ."

"ಕೂಗಬಾರ್ದಿತ್ತಾ?"

"ಕೂಗಿದ್ರೆ ಅಮ್ಮ ಎದ್ದು ಬರೋರು. ಅಣ್ಣನ್ನ ಹಂಗೆ ನೋಡೋರು." ಕೈಗಳನ್ನು ತಿರುಗಿಸಿ ನೋಡಿಕೊಂಡರು. "ಆಮೇಲೆ ನಂಗೂ ಬಾಯಿ ಬರ್ಲಿಲ್ಲ."

ನನ್ನ ಹತ್ತಿರ ಎಷ್ಟೋ ಮಾತುಗಳಿದ್ದವು. ಪೊಲೀಸು, ಕಾಗದ, ನ್ಯಾಯ. ಒಂದನ್ನೂ ಆಡುವಂತಿರಲಿಲ್ಲ, ಆಡಿದ್ದರೆ ಅವರಲ್ಲಿ ಉಳಿದಿದ್ದದ್ದನ್ನೂ ನಾನೇ ಕಿತ್ತುಕೊಂಡಂತಾಗುತ್ತಿತ್ತು.

ಮುಂಭಾಗದಿಂದ ಭಾವ ಕರೆದರು. "ಷಡಕ್ಷರೀ, ಬಾರೋ. ಹೋಳಿಗೆ ಆರೋಗ್ತಾ ಇದೆ. ನೀನು ಬರದೆ ನಾನು ಕೂರಲ್ಲ."

ಇವರು ಎದ್ದು ಪಂಚೆ ಕೊಡವಿಕೊಂಡರು.

"ಯಾರಿಗೂ ಹೇಳಲ್ಲ ನಾನು. ಅಮ್ಮಂಗೂ ಇಲ್ಲ," ಎಂದರು. ಬಾಗಿಲ ಹತ್ತಿರ ಹೋಗಿ ನಿಂತು ಮತ್ತೆ ಹೇಳಿದರು, "ಅಣ್ಣಂಗೂ."